ವರ್ಕಿಂಗ್ ಕಂಡೀಶನ್

ಚಗಳಿ ಇರುವೆಯ ತಲೆಯ ಫೋಟೋ ತೆಗೆಯಲು ಕ್ಯಾಮೆರಾಕ್ಕೆ ಸಿಕ್ಕಿಸೋಣ ಅಂತ ಹುಡುಕುತ್ತಿದ್ದೆ. ಮೈಕ್ರೋಸ್ಕೋಪಿನ ಹಳೇ ಅಬ್ಜೆಕ್ಟಿವ್, ಅಂದರೆ ನೋಡುವ ವಸ್ತುವಿನ ಕಡೆಗಿರುವ ಲೆನ್ಸು, ಒಂದು ಮಾರಾಟಕ್ಕಿತ್ತು. ‘ಹಿಂದಿನಿಂದ ಟಾರ್ಚ್ ಬಿಟ್ಟು ಗಾಜಿನ ಒಂದು ಫೋಟೋ ಕಳಿಸಿ’ ಎಂದು ಕೇಳಿದೆ. ಬಂದದ್ದು ಪ್ಲಾಸ್ಟಿಕ್ ಡಬ್ಬಿಯ ಫೋಟೋ. ಡಬ್ಬಿ ಚೆನ್ನಾಗಿತ್ತು. ಮತ್ತೆ ಕೇಳಿದರೆ, ‘ವರ್ಕಿಂಗ್ ಕಂಡೀಶನ್ ಸರ್’. ಲೆನ್ಸಿಗೇನು ಮೋಟರ್ ಇದೆಯಾ, ಕೆಟ್ಟು ನಿಲ್ಲೋದಕ್ಕೆ?

ಮೈಮೇಲೆ ಕೆತ್ತಿದ್ದನ್ನು ಓದಿದರೆ ಅರ್ಧ ಸಂಗತಿ ತಿಳಿಯುತ್ತದೆ. 10/0.25, 160/0.17 ಅಂತಿದ್ದರೆ (10 ಅಂದರೆ ಹತ್ತು ಪಟ್ಟು ದೊಡ್ಡದು, 0.25 ಬೆಳಕು ಹಿಡಿಯುವ ಶಕ್ತಿ, 160 ಮಿ.ಮೀ.ನಲ್ಲಿ ಟ್ಯೂಬಿನ ಉದ್ದ, 0.17 ಮೇಲೆ ಮುಚ್ಚುವ ಗಾಜಿನ ದಪ್ಪ) ಕ್ಯಾಮೆರಾಕ್ಕೆ ಜೋಡಿಸಲು ಬರೀ ಟ್ಯೂಬ್ ಸಾಕು. ಅಬ್ಜೆಕ್ಟಿವ್‌ನ ತಿರುಪು ಮುಗಿಯುವ ಭುಜದಿಂದ ಕ್ಯಾಮೆರಾ ಸೆನ್ಸರ್‌ಗೆ 150 ಮಿ.ಮೀ. ಇಟ್ಟರಾಯಿತು, ಚಿತ್ರ ಮೂಡುವುದು ಟ್ಯೂಬಿನ ತುದಿಗಿಂತ 10 ಮಿ.ಮೀ. ಒಳಗೆ. 160ರ ಜಾಗದಲ್ಲಿ ಅಡ್ಡ ಮಲಗಿದ ಎಂಟು, ಅಂದರೆ ಅನಂತದ ಗುರುತು, ಇದ್ದರೆ ನಡುವೆ ಇನ್ನೊಂದು ಲೆನ್ಸು ಬೇಕು. ಅಂದರೆ ಇನ್ನೊಬ್ಬ ಮಾರುವವನ ಜೊತೆ ಇನ್ನೊಂದು ಜಗಳ. ಅಗ್ಗಕ್ಕೆ ಸಿಕ್ಕಿತು ಅಂತ 40/0.65 ತಂದರೆ ಚಗಳಿಯ ಮೂತಿಗೂ ಗಾಜಿಗೂ ನಡುವೆ ಒಂದು ಮಿ.ಮೀ. ಜಾಗವೂ ಇರುವುದಿಲ್ಲ. ಬೆಳಕು ಎಲ್ಲಿಂದ ಬಿಡ್ತೀರಿ?

ಆದರೆ ಬೂಸ್ಟು ಬಂದಿದೆಯೋ ಇಲ್ಲವೋ ಅಂತ ಯಾರೂ ಕೆತ್ತಿರುವುದಿಲ್ಲ. ಅದನ್ನು ಪತ್ತೆ ಮಾಡುವ ಗುಟ್ಟು ಹೇಳುತ್ತೇನೆ. ಅದಕ್ಕೆ ಮೊದಲು ದೊಡ್ಡಪ್ಪನ ರೇಡಿಯೋ.

ಶಿರಸಿಯ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಯಾವುದನ್ನೂ ಬೂಸ್ಟು ಬಿಡುವುದಿಲ್ಲ. ಒಂದು ಆಷಾಢದಲ್ಲಿ ರೇಡಿಯೋದ ಮುಂದಿನ ಬಟ್ಟೆ ಬೆಳ್ಳಗಾಯಿತು. ದೊಡ್ಡಪ್ಪ ಅದನ್ನು ಸೀದಾ ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಏರಿಸಿದರು. ಅಡಕೆಸಿಪ್ಪೆ, ಒದ್ದೆ ಕಂಬಳಿ, ಪಕ್ಕದಲ್ಲಿ ಧಾರವಾಡ ಆಕಾಶವಾಣಿ. ವಾರ್ತೆ ಕೇಳಬೇಕಾದರೆ ಬಚ್ಚಲಿಗೆ ಹೋಗಬೇಕು. ಅದೇ ಹೊತ್ತಿಗೆ ದೊಡ್ಡಾಯಿ ಸ್ನಾನಕ್ಕೆ ಹೊಕ್ಕಿರುತ್ತಿದ್ದಳು. ದೊಡ್ಡಪ್ಪ ಬಾಗಿಲಾಚೆ ನಿಂತು, ‘ಸ್ವಲ್ಪ ದೊಡ್ಡ ಮಾಡೇ’ ಎನ್ನುವುದು, ಅವಳು ಬೇಕೆಂದೇ ಇನ್ನೆರಡು ಚೊಂಬು ನೀರು ಜೋರಾಗಿ ಹೊಯ್ದುಕೊಳ್ಳುವುದು. ಪ್ರಧಾನಿ ಏನು ಹೇಳಿದರು ಅಂತ ನಮ್ಮನೆಗೆ ಎಷ್ಟೋ ಸಲ ಪೂರ್ತಿ ಗೊತ್ತಾಗಲೇ ಇಲ್ಲ. ಕೊನೆಗೊಮ್ಮೆ ಪೇಟೆಯ ರಿಪೇರಿಯವನು ಅದನ್ನು ಬಿಚ್ಚಿದಾಗ ಒಳಗೆ ಇಲ್ಲಣ, ಜೇಡರ ಬಲೆ, ಹಲ್ಲಿ ಮೊಟ್ಟೆ ಎಲ್ಲ ಇತ್ತಂತೆ. ‘ಬೂಸ್ಟು ಮಾತ್ರ ಇರಲಿಲ್ಲ’ ಅಂತ ದೊಡ್ಡಪ್ಪ ಕಡೆಯವರೆಗೂ ಕಂಡಕಂಡ ಮದುವೆಮನೆಯಲ್ಲಿ ಹೇಳಿಕೊಂಡು ತಿರುಗಿದರು.

ಲೆನ್ಸನ್ನು ಹಾಗೆ ಅಟ್ಟಕ್ಕೆ ಏರಿಸಲಾಗದು. ಸಿಲಿಕಾ ಜೆಲ್ ಹಾಕಿದ ಡಬ್ಬಿಯೇ ಗತಿ. ಆದರೆ ಬರುವಾಗಲೇ ಬೂಸ್ಟು ಹೊತ್ತು ಬಂದದ್ದಕ್ಕೆ ಅದೂ ಪ್ರಯೋಜನವಿಲ್ಲ. ಗಾಜಿನ ಮೇಲೆ ಸಣ್ಣ ಬೇರು ಹರಡಿಕೊಂಡು ಕೋಟಿಂಗನ್ನೇ ತಿನ್ನುತ್ತದೆ, ಚಿತ್ರ ಮಂಕಾಗುತ್ತದೆ. ಎರಡು ಗಾಜು ಅಂಟಿಸಿದ ಕಡೆ ಹೊಕ್ಕರೆ ಮುಗಿಯಿತು. ಪತ್ತೆ ಮಾಡುವ ಗುಟ್ಟು ಇಷ್ಟೇ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡುವುದು; ಬೇರು ಎದ್ದು ಕಾಣುತ್ತದೆ. ಇದನ್ನೇ ‘ಸ್ವಲ್ಪ ಧೂಳು’ ಅಂತ ಸಾಗಹಾಕುವವರಿದ್ದಾರೆ. ಧೂಳಾದರೆ ಒರೆಸಿ ಕಳಿಸೋಕೆ ಏನು ಧಾಡಿ?

ಸದ್ಯಕ್ಕೆ ಗೆಳೆಯನ 10ರದ್ದೇ ಎರವಲು ತಂದಿದ್ದೇನೆ. ಅದರಲ್ಲಿ ಒಂದು ಸಲಕ್ಕೆ ಸ್ಪಷ್ಟವಾಗಿ ಕಾಣುವುದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ ದಪ್ಪ. ಚಗಳಿಯ ಒಂದು ತಲೆಗೆ ನೂರಾರು ಫೋಟೋ ತೆಗೆದು ಜೋಡಿಸಬೇಕು. ನಡುವೆ ಮಿಕ್ಸಿ ತಿರುಗಿದರೆ ಮೇಜು ನಡುಗಿ, ಮೊದಲಿಂದ ಶುರು.

‘ಒಂದು ಗಳಿಗೆ ತಡಿ ಅತ್ತಿಗೆ’ ಎಂದು ಕೂಗಿದೆ.

‘ನಿನ್ನ ಚಗಳಿ ಸತ್ತೇ ಹೋಜಲ ಮಾರಾಯ, ಅದಕ್ಕೆಂತ ಅವಸರ? ಇಲ್ಲಿ ತಂಬುಳಿಗೆ ಹೊತ್ತಾತು’ ಎಂದು ಅತ್ತಿಗೆ ಸ್ವಿಚ್ ಒತ್ತಿಯೇ ಬಿಟ್ಟಳು.