ಮೊದಲು ಡಿಫರೆನ್ಷಿಯಲ್, ಆಮೇಲೆ ಎಂಜಿನ್

ಹಳೆಯ ಅಂಬಾಸಡರ್ ಕಾರನ್ನು ಡ್ರಿಫ್ಟಿಂಗ್‌ಗೆ (ತಿರುವಿನಲ್ಲಿ ಹಿಂದಿನ ಚಕ್ರಗಳನ್ನು ಬೇಕೆಂದೇ ಜಾರಿಸುತ್ತಾ ಓಡಿಸುವುದಕ್ಕೆ) ಸಜ್ಜುಗೊಳಿಸಲು ಮೊದಲು ಎಂಜಿನ್ನಿನ ಶಕ್ತಿ ಹೆಚ್ಚಿಸಬೇಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಖಂಡಿತ ಒಪ್ಪುವುದಿಲ್ಲ. ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚಿ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್. ಅದು ಮಾಮೂಲಿಯದ್ದೇ ಇರುವವರೆಗೆ ತಿರುವಿನಲ್ಲಿ ಭಾರ ಕಳೆದುಕೊಂಡ ಒಳಗಿನ ಚಕ್ರವೊಂದೇ ಗಿರ್ರನೆ ತಿರುಗುತ್ತದೆ, ಹೊರಗಿನದಕ್ಕೆ ಜಾರುವಷ್ಟು ಬಲ ಸಿಗುವುದೇ ಇಲ್ಲ. ತುಮಕೂರಿನ ನಮ್ಮ ಗ್ಯಾರೇಜಿಗೆ ಬಂದಿದ್ದ, ಒಂದೇ ದಿಕ್ಕಿಗೆ ಸುತ್ತು ಹೊಡೆದ ಕಾರಿನ ಹಿಂದಿನ ಟೈರುಗಳಲ್ಲಿ ಒಂದು ನುಣ್ಣಗೆ ಬೋಳಾಗಿತ್ತು, ಇನ್ನೊಂದರ ಗೆರೆ ಹಾಗೆಯೇ ಇತ್ತು. ಡಿಫರೆನ್ಷಿಯಲ್ ಒಳಗಿನ ಗೇರುಗಳಿಗೆ ಬೆಸುಗೆ ಹಾಕಿದರೆ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುತ್ತವೆ, ಖರ್ಚೂ ಕಡಿಮೆ. ಚಕ್ರಗಳಿಗೆ ಬಲ ಒಯ್ಯುವ ಆಕ್ಸಲ್ ಶಾಫ್ಟಿನ ಮೇಲೆ ಒತ್ತಡ ಹೆಚ್ಚುತ್ತದೆ, ಅದು ನಿಜ.

ನಂದಿ ಬೆಟ್ಟದ ತಿರುವುಗಳಲ್ಲಿ ಅಭ್ಯಾಸ ಮಾಡಬಹುದು ಎಂಬ ಸಾಲನ್ನು ಮಾತ್ರ ದಯವಿಟ್ಟು ತೆಗೆದುಹಾಕಿ. ಅಲ್ಲಿ ಎದುರಿನಿಂದ ಜನ ಬರುತ್ತಿರುತ್ತಾರೆ. ಇಂಥ ಕಾರು ಮುಚ್ಚಿದ ಟ್ರ್ಯಾಕಿನಲ್ಲಷ್ಟೇ ಓಡಬೇಕು.