ಹೀಟ್ ಪಂಪ್ ಒಲೆಯಲ್ಲ

ಚಳಿಯಾದರೆ ಉರಿ ಹಾಕು, ಬೆಚ್ಚಗಾದರೆ ಆರಿಸು. ಕನ್ನಡನಾಡು ಬಿಟ್ಟು ಅಮೆರಿಕದಲ್ಲಿ ನೆಲೆಸಿ, ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ಗಾಡಿ) ಕೊಂಡು ಚಳಿಗಾಲದಲ್ಲೂ ಊರೂರು ಸುತ್ತುವ ಹವ್ಯಾಸ ಹತ್ತಿದ ಮೇಲೂ ನನ್ನ ಕೈ ಈ ರೂಢಿಯನ್ನು ಬಿಟ್ಟಿರಲಿಲ್ಲ. ಮಲಗುವ ಮುಂಚೆ, ಒಳಗಿನ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಆರಿಸುತ್ತಿದ್ದೆ. ಬೆಳಿಗ್ಗೆ ನಡುಗುತ್ತ ಎದ್ದು ಒಮ್ಮೆಲೇ 22 ಡಿಗ್ರಿಗೆ ಏರಿಸುತ್ತಿದ್ದೆ. (ಇಲ್ಲಿಯ ಯಂತ್ರಗಳು ಫ್ಯಾರನ್‌ಹೀಟ್‌ನಲ್ಲಿ ತೋರಿಸುತ್ತವೆ, ನಾನು ಸೆಲ್ಸಿಯಸ್‌ನಲ್ಲಿ ಬರೆಯುತ್ತಿದ್ದೇನೆ.) ಇಲ್ಲಿಯ ನೆರೆಯವರು ಹಾಗೆ ಮಾಡುವುದಿಲ್ಲ. ಒಂದು ಅಂಕಿಗೆ ಇಟ್ಟು ಅದನ್ನು ಮರೆತೇಬಿಡುತ್ತಾರೆ. ಮೊದಮೊದಲು ಅದು ನನಗೆ ದುಂದುಗಾರಿಕೆಯಾಗಿ ಕಂಡಿತ್ತು. ಈಗ, ಹೀಟ್ ಪಂಪ್ ಇರುವ ಗಾಡಿಯ ಮಟ್ಟಿಗೆ ಅವರ ರೀತಿಯೇ ಸರಿ ಎನ್ನುತ್ತೇನೆ.

ಛಾವಣಿಯ ಮೇಲಿನ ಹೀಟ್ ಪಂಪ್ ಎಂದರೆ ಹಿಮ್ಮುಖವಾಗಿ ಓಡುವ ಎ.ಸಿ. ಒಳಗಿರುವ ಒಂದು ಕವಾಟ ಅನಿಲ ಹರಿಯುವ ದಿಕ್ಕನ್ನು ತಿರುಗಿಸುತ್ತದೆ. ಬೇಸಿಗೆಯಲ್ಲಿ ಒಳಗಿನ ಸೆಕೆಯನ್ನು ಹೊರಗೆ ಎಸೆಯುತ್ತಿದ್ದ ಯಂತ್ರ ಆಗ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಒಳಗೆ ತರುತ್ತದೆ. ಇದು ಶಾಖವನ್ನು ಹುಟ್ಟಿಸುವುದಿಲ್ಲ, ಹೊತ್ತು ತರುತ್ತದೆ. ಲಾಭವಿರುವುದೂ ಅಲ್ಲೇ. 1500 ವ್ಯಾಟ್‌ನ ಸಾಮಾನ್ಯ ಎಲೆಕ್ಟ್ರಿಕ್ ಹೀಟರ್ ಕೊಡುವುದು 1500 ವ್ಯಾಟ್ ಶಾಖ ಮಾತ್ರ, ಅಂದರೆ ಇಲ್ಲಿಯ ಶಾಖದ ಅಳತೆಯಲ್ಲಿ ಗಂಟೆಗೆ ಸುಮಾರು 5100 ಬಿಟಿಯು. ಹದವಾದ ಚಳಿಯಲ್ಲಿ ಹೀಟ್ ಪಂಪ್ ಅಷ್ಟೇ ವಿದ್ಯುತ್ತಿಗೆ ಅದರ ಎರಡು ಪಟ್ಟು ಶಾಖವನ್ನಾದರೂ ತಂದುಕೊಡುತ್ತದೆ. ಬಿಡಾರದ ಜಾಗದ 120 ವೋಲ್ಟ್‌ನ, 30 ಆಂಪಿಯರ್ ವಿದ್ಯುತ್ ಸಂಪರ್ಕದಲ್ಲಿ ನಮಗೆ ಸಿಗುವುದು ಒಟ್ಟು 3600 ವ್ಯಾಟ್. ಅಂಥ ಎರಡು ಹೀಟರ್ ಹಚ್ಚಿ ಮೈಕ್ರೋವೇವ್ ಒತ್ತಿದರೆ ಬ್ರೇಕರ್ ಬಿದ್ದು ವಿದ್ಯುತ್ ಕಡಿಯುತ್ತದೆ.

ಹೊತ್ತು ತರುವ ಕೆಲಸಕ್ಕೆ ಸಮಯ ಬೇಕು. ಗಾಳಿ ಬರುವ ಕಿಂಡಿಗೆ ಕೈ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ: ಗ್ಯಾಸ್ ಉರಿಸಿ ಗಾಳಿ ಕಾಯಿಸುವ ಪ್ರೊಪೇನ್ ಫರ್ನೇಸಿನ ಗಾಳಿ ಸುಡುವಷ್ಟು ಬಿಸಿ, ಪಂಪಿನದು ಉಗುರುಬೆಚ್ಚಗೆ. ಇಷ್ಟನ್ನೇ ನೋಡಿ ಪಂಪ್ ಕೆಟ್ಟಿದೆ ಎಂದುಕೊಳ್ಳುವವರು ಬಹಳ. ನಾನು ಬೆಳಿಗ್ಗೆ ಅಂಕಿಯನ್ನು ಒಮ್ಮೆಲೇ ಏರಿಸಿದಾಗ ಆಗುತ್ತಿದ್ದುದೂ ಇದಕ್ಕೆ ಸಂಬಂಧಿಸಿದ್ದೇ. ಕೋಣೆಯ ಬಿಸಿಗೂ ನಾವು ಕೇಳಿದ ಬಿಸಿಗೂ ಅಂತರ ಹೆಚ್ಚಿದ್ದರೆ, ಪಂಪ್ ಒಂದರಿಂದಲೇ ಆಗದು ಎಂದು ಕೆಲವು ಥರ್ಮೋಸ್ಟಾಟ್‌ಗಳು ತಾವಾಗಿಯೇ ಫರ್ನೇಸ್ ಹೊತ್ತಿಸುತ್ತವೆ. ಪಂಪ್ ಇದ್ದೂ ನಾನು ದಿನಾ ಗ್ಯಾಸ್ ಸುಡುತ್ತಿದ್ದೆ. ಸಂಜೆ ಹೊರಗೆ ಇನ್ನೂ 10 ಡಿಗ್ರಿ ಇರುವಾಗಲೇ 19ಕ್ಕೆ ಇಟ್ಟು ಮುಟ್ಟದೆ ಬಿಟ್ಟರೆ, ಪಂಪ್ ನಿಧಾನವಾಗಿ ದುಡಿದು ಗೋಡೆ, ಹಾಸಿಗೆ, ಕಪಾಟುಗಳನ್ನೆಲ್ಲ ಬೆಚ್ಚಗಿಡುತ್ತದೆ.

ಇದಕ್ಕೊಂದು ಗಡಿಯೂ ಇದೆ. ಹೊರಗಿನ ಬಿಸಿ 5 ಡಿಗ್ರಿಯ ಆಸುಪಾಸಿಗೆ ಇಳಿದರೆ ಶಾಖ ಹೀರುವ ಹೊರಗಿನ ಸುರುಳಿಯ ಮೇಲೆ ಹಿಮ ಕಟ್ಟತೊಡಗುತ್ತದೆ, ಹೊತ್ತು ತರಲು ಸಿಗುವ ಶಾಖವೂ ಕಡಿಮೆ. ಸಾಮಾನ್ಯವಾಗಿ ಛಾವಣಿಯ ಪಂಪುಗಳು ಅಲ್ಲಿಗೆ ಕೆಲಸ ನಿಲ್ಲಿಸುತ್ತವೆ. ಮನೆಗಳಿಗೆ ಹಾಕುವ ಹೊಸ ಪಂಪುಗಳು ಸೊನ್ನೆಗಿಂತ ಬಹಳ ಕೆಳಗೂ ದುಡಿಯುತ್ತವೆ ನಿಜ, ಆದರೆ ಮೋಟರ್‌ಹೋಮಿನ ಮೇಲೆ ಕೂತಿರುವುದು ಸಾಮಾನ್ಯವಾಗಿ ಅಂಥದ್ದಲ್ಲ. ವಿದ್ಯುತ್ ಸಂಪರ್ಕವಿಲ್ಲದ ಕಡೆ ಬಿಡಾರ ಹೂಡಿದರೂ ಫರ್ನೇಸೇ ಗತಿ. ಅದರ ಫ್ಯಾನ್ 12 ವೋಲ್ಟ್ ಬ್ಯಾಟರಿಯ ಮೇಲೆ ಓಡುತ್ತದೆ.

ಆ ಗಡಿಯನ್ನು ನಾವು ಕಷ್ಟಪಟ್ಟು ಕಲಿತೆವು. ಒಂದು ರಾತ್ರಿ ಹೊರಗೆ ಸೊನ್ನೆಗಿಂತ 6 ಡಿಗ್ರಿ ಕೆಳಗೆ ಇಳಿದಿತ್ತು. ಪಂಪ್ ನಿಂತಿತ್ತು, ಫರ್ನೇಸನ್ನು 18ಕ್ಕೆ ಇಟ್ಟಿದ್ದೆ. ಗ್ಯಾಸ್ ಉಳಿಯಲಿ ಎಂದು ಹಾಸಿಗೆಯ ಪಕ್ಕ ಒಂದು ಪುಟ್ಟ ಎಲೆಕ್ಟ್ರಿಕ್ ಹೀಟರನ್ನೂ ಹಚ್ಚಿದೆ. ಒಳ್ಳೆಯ ನಿದ್ದೆ ಬಂತು. ಬೆಳಿಗ್ಗೆ ಹೆಂಡತಿ ಕರೆದಳು: “ರೀ, ನಲ್ಲಿಯಲ್ಲಿ ನೀರೇ ಬರುತ್ತಿಲ್ಲ.” ತಿರುಗಿಸಿ ನೋಡಿದೆ. ಒಂದು ಸಲ ಗೊಳಕ್ ಎಂದು ಸುಮ್ಮನಾಯಿತು. ಹೊರಗೆ ಹೋಗಿ ಗಾಡಿಯ ಕೆಳಗಿನ ಬಾಗಿಲು ತೆರೆದರೆ, ನೀರಿನ ತೊಟ್ಟಿಯಿಂದ ಬರುವ ಕೊಳವೆಯ ತಿರುವು ಉದ್ದಕ್ಕೆ ಬಿರಿದಿತ್ತು, ಬಿರುಕಿನಿಂದ ಮಂಜುಗಡ್ಡೆ ಇಣುಕುತ್ತಿತ್ತು.

ತಪ್ಪು ಎಲ್ಲಿ ಆಗಿತ್ತೆಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಗಾಡಿಯಲ್ಲಿ ಫರ್ನೇಸಿನ ಬಿಸಿಗಾಳಿಯ ಒಂದು ಪಾಲು ನೆಲದಡಿಯ ತೊಟ್ಟಿಗಳ ಗೂಡಿಗೂ ಹೋಗುತ್ತದೆ. ಆ ಪುಟ್ಟ ಹೀಟರ್ ರಾತ್ರಿಯಿಡೀ ಕೋಣೆಯನ್ನು 20ರಲ್ಲಿ ಇಟ್ಟಿತ್ತು. ಕೋಣೆ ಬೆಚ್ಚಗಿದೆ ಎಂದು ಥರ್ಮೋಸ್ಟಾಟ್ ಫರ್ನೇಸನ್ನು ಕರೆಯಲೇ ಇಲ್ಲ. ಗೋಡೆಯ ಮೇಲಿನ ಆ ಪೆಟ್ಟಿಗೆಗೆ ತನ್ನ ಸುತ್ತಲಿನ ಗಾಳಿಯಷ್ಟೇ ಗೊತ್ತು. ಕಾಲ ಕೆಳಗಿನ ಕೊಳವೆಯ ಸುದ್ದಿ ತಿಳಿಯದು. ಛಾವಣಿಯಿಂದ ಬೀಸುವ ಹೀಟ್ ಪಂಪಿನ ಶಾಖವೂ ಅಲ್ಲಿಗೆ ಇಳಿಯುವುದಿಲ್ಲ. ಬಿಸಿಗಾಳಿ ಮೇಲೆಯೇ ನಿಲ್ಲುವುದರಿಂದ ಥರ್ಮೋಸ್ಟಾಟ್ 20 ತೋರಿಸುವಾಗಲೂ ಅಂಗಾಲು ತಣ್ಣಗಿರುತ್ತದೆ. ಕಾಲುಚೀಲ ಹಾಕಿಕೊಂಡು ಮಲಗಬಹುದು, ಕೊಳವೆಗೆ ಆ ಅನುಕೂಲವಿಲ್ಲ.

ಹಾಗಾಗಿ ಪಂಪೋ ಫರ್ನೇಸೋ ಎಂದು ಯಾರಾದರೂ ಕೇಳಿದರೆ, ಪಂಪ್ ನಮಗೆ, ಫರ್ನೇಸ್ ನೀರಿಗೆ ಎನ್ನುತ್ತೇನೆ. ರಾತ್ರಿ ಸೊನ್ನೆಯ ಕೆಳಗೆ ಇಳಿಯುವ ಮುನ್ಸೂಚನೆ ಇದ್ದರೆ ಮಲಗುವ ಮುಂಚೆಯೇ ಫರ್ನೇಸಿಗೆ ಬದಲಿಸುತ್ತೇನೆ, ಪುಟ್ಟ ಹೀಟರನ್ನು ಕಪಾಟಿನಿಂದ ತೆಗೆಯುವುದೇ ಇಲ್ಲ. ತೊಟ್ಟಿಯ ಗೂಡಿನಲ್ಲಿ ಒಂದು ತಾಪಮಾಪಕ ಇಟ್ಟಿದ್ದೇನೆ, ಅದರ ಅಂಕಿ ಒಳಗಿನ ಪುಟ್ಟ ಪರದೆಯ ಮೇಲೆ ಕಾಣುತ್ತದೆ. ಇಂದು ಬೆಳಿಗ್ಗೆ ಕಿಟಕಿಯ ಹೊರಗೆ ಹುಲ್ಲೆಲ್ಲ ಬೆಳ್ಳಗಾಗಿತ್ತು. ಗೂಡಿನ ಅಂಕಿ 7 ಇತ್ತು, ನಲ್ಲಿಯಲ್ಲಿ ನೀರು ಬಂತು.