ವಿಜ್ಞಾನಿಗೆ ಶಾಲು, ವರದಿಗೆ ಧೂಳು

ಮೊನ್ನೆ ಬೆಳಿಗ್ಗೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಗುಲಾಬಿಗಳ ನಡುವೆ ಒಂದು ಸುದ್ದಿ ಬಂದು ಬಿತ್ತು. ವಿಜ್ಞಾನಿಗಳನ್ನು ನಂಬುವುದರಲ್ಲಿ ಭಾರತಕ್ಕೆ ಜಗತ್ತಿನಲ್ಲೇ ಎರಡನೇ ಸ್ಥಾನ! ಹಾಕಿದವರು ಚಿಕ್ಕಪ್ಪ. ಕೆಳಗೆ ಮೂರು ಬಾವುಟ, ಎರಡು ಕೈಮುಗಿದ ಚಿತ್ರ. ಸುದ್ದಿ 2025ರ ಜನವರಿಯದು. ನಮ್ಮ ಗ್ರೂಪಿಗೆ ಯಾವುದೂ ಬಿಸಿಬಿಸಿಯಾಗಿ ತಲುಪುವುದಿಲ್ಲ ಬಿಡಿ. ಆದರೆ ಸುದ್ದಿ ಮಾತ್ರ ನಿಜ. 68 ದೇಶಗಳ ಸುಮಾರು 72 ಸಾವಿರ ಜನರನ್ನು ಕೇಳಿ ಮಾಡಿದ ಸಮೀಕ್ಷೆ. ಈಜಿಪ್ಟಿನವರು ಮೊದಲು, ಆಮೇಲೆ ನಾವು.

ಅರ್ಧ ಗಂಟೆ ಆಗಿರಲಿಲ್ಲ, ಅದೇ ಚಿಕ್ಕಪ್ಪ ಇನ್ನೊಂದು ಹಾಕಿದರು. ಇವತ್ತು ರಾತ್ರಿ ಭೂಮಿಯ ಪಕ್ಕದಲ್ಲಿ ಯಾವುದೋ ಕಿರಣ ಹಾದು ಹೋಗುತ್ತದಂತೆ, ಮೊಬೈಲ್ ಆಫ್ ಮಾಡಿ ಮಲಗಬೇಕಂತೆ, ನಾಸಾ ಹೇಳಿದೆಯಂತೆ. ಈ ನಾಸಾದವರು ನಮ್ಮ ಗ್ರೂಪಿನಲ್ಲಿ ಹೇಳದೆ ಬಿಟ್ಟ ವಿಷಯವೇ ಇಲ್ಲ. ಅರಿಶಿನದ ಬಗ್ಗೆ ಹೇಳಿದ್ದಾರೆ, ದೇವಸ್ಥಾನದ ಗಂಟೆಯ ಬಗ್ಗೆ ಹೇಳಿದ್ದಾರೆ, ಎಡಮಗ್ಗುಲಲ್ಲಿ ಮಲಗುವುದರ ಬಗ್ಗೆಯೂ ಹೇಳಿದ್ದಾರೆ. ಅವರು ನಿಜವಾಗಿ ಹೇಳಿದ್ದೊಂದನ್ನು ಮಾತ್ರ ಯಾರೂ ಹಾಕಿರಲಿಲ್ಲ. ಲೆಕ್ಕ ಇಡಲು ಶುರು ಮಾಡಿದ ಮೇಲೆ ಅತಿ ಬಿಸಿಯಾದ ವರ್ಷ 2024 ಅಂತ. ನಾನು ಹಾಕಿದೆ. ಒಂದು ಹೆಬ್ಬೆರಳು ಬಂತು. ಅದೂ ನನ್ನ ಹೆಂಡತಿಯದು.

ಆದರೂ ಆ ಸಮೀಕ್ಷೆಯನ್ನು ನಾನು ನಂಬುತ್ತೇನೆ. ನಾವು ವಿಜ್ಞಾನಿಗಳನ್ನು ಅಮೆರಿಕದವರ ಹಾಗೆ ನಡೆಸಿಕೊಳ್ಳುವುದಿಲ್ಲ. ಅಲ್ಲಿನ ಅಧ್ಯಕ್ಷರು 2025ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲೇ ನಿಂತು, ಹವಾಮಾನ ಬದಲಾವಣೆ ಅನ್ನುವುದೇ ದೊಡ್ಡ ಮೋಸ ಅಂದುಬಿಟ್ಟರು. ಛೆ, ಎಂಥಾ ಒರಟು ಜನ. ನಮ್ಮಲ್ಲಿ ಯಾವ ಮಂತ್ರಿಯಾದರೂ ವಿಜ್ಞಾನಿಯನ್ನು ಸುಳ್ಳುಗಾರ ಅಂದಿದ್ದು ಕೇಳಿದ್ದೀರಾ? ನಾವು ಹಾಗೆಲ್ಲ ಅನ್ನುವವರಲ್ಲ. ಕರೆಯುತ್ತೇವೆ. ಕೂರಿಸುತ್ತೇವೆ. ಶಾಲು ಹೊದಿಸುತ್ತೇವೆ.

ಶಾಲು ಅಂದಾಗ ನೆನಪಾಯಿತು. 2024ರ ಏಪ್ರಿಲ್, ಬೆಂಗಳೂರಿನಲ್ಲಿ ಬಿಸಿಲು 38 ಡಿಗ್ರಿ ದಾಟಿದ ತಿಂಗಳು. ಬೋರ್‌ವೆಲ್ ಒಣಗಿತ್ತು, ಟ್ಯಾಂಕರಿನವನು ಫೋನ್ ಎತ್ತುತ್ತಿರಲಿಲ್ಲ. ಆಗ ನಮ್ಮ ಬಡಾವಣೆಯ ಸಂಘದವರು ಒಬ್ಬ ಹವಾಮಾನ ವಿಜ್ಞಾನಿಯನ್ನು ಕರೆಸಿದರು. ವಿಷಯ: ಏರುತ್ತಿರುವ ತಾಪಮಾನ. ತಗಡಿನ ಶೀಟ್ ಹೊದಿಸಿದ ಸಭಾಂಗಣ. ಪಾಪ, ಅವರು ಅರ್ಧ ತೋಳಿನ ಕಾಟನ್ ಶರ್ಟ್ ಹಾಕಿಕೊಂಡು ಬಂದಿದ್ದರು. ಬಿಸಿಲಿನ ಬಗ್ಗೆ ಓದಿಕೊಂಡವರು, ಗೊತ್ತಿರಬೇಕಲ್ಲ. ಮೊದಲು ಒಂದು ದಪ್ಪ ಶಾಲು ಹೊದಿಸಿದರು. ಮೇಲೆ ಗಂಧದ ಹಾರ. ಅದರ ಮೇಲೆ ಏಲಕ್ಕಿ ಹಾರ. ತಲೆಗೆ ಮೈಸೂರು ಪೇಟ. ಮಡಿಲಿಗೆ ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ. ಇಷ್ಟೂ ಹೊತ್ತು ಫೋಟೋದವನು ‘ಸರ್, ಈ ಕಡೆ’ ಅನ್ನುತ್ತಿದ್ದ. ಪೇಟದ ಅಂಚಿನಿಂದ ಬೆವರು ಇಳಿದು ಅವರ ಕನ್ನಡಕದ ಮೇಲೆ ಬಿತ್ತು. ಏರುತ್ತಿರುವ ತಾಪಮಾನವನ್ನು ಇಷ್ಟು ಹತ್ತಿರದಿಂದ ನಾನು ಬೇರೆ ಎಲ್ಲೂ ನೋಡಿಲ್ಲ.

ಸ್ವಾಗತ ಭಾಷಣ ಇಪ್ಪತ್ತು ನಿಮಿಷ. ಪ್ರಾಯೋಜಕರ ಪರಿಚಯ ಹದಿನೈದು. ವಿಜ್ಞಾನಿ ಮಾತು ಶುರು ಮಾಡಿ ಆರು ನಿಮಿಷಕ್ಕೆ ಚೀಟಿ ಹೋಯಿತು. ಅಷ್ಟರಲ್ಲೇ ಅವರು ಒಂದು ಸಣ್ಣ ಮಾತು ಕೇಳಿಕೊಂಡರು. ಪಾರ್ಕಿನಲ್ಲಿ ಉಳಿದಿರುವ ಮಣ್ಣನ್ನು ಹಾಗೇ ಬಿಡಿ, ಒಂದೆರಡು ಇಂಗುಗುಂಡಿ ತೆಗೆಸಿ, ನೀರು ಒಳಗೆ ಇಳಿಯಲಿ. ಜೋರು ಚಪ್ಪಾಳೆ. ವಂದನಾರ್ಪಣೆಯಲ್ಲಿ ‘ಸರ್ ನಮ್ಮ ಕಣ್ಣು ತೆರೆಸಿದರು’ ಅಂದರು. ಮುಂದಿನ ತಿಂಗಳು ಪಾರ್ಕಿನ ಈ ತುದಿಯಿಂದ ಆ ತುದಿಗೆ ಇಂಟರ್‌ಲಾಕ್ ಟೈಲ್ಸ್ ಬಂತು. ವಾಕಿಂಗ್ ಮಾಡುವವರ ಶೂಗೆ ಕೆಸರು ಹತ್ತುತ್ತದೆ ಅಂತ. ನಾನೂ ಸಮಿತಿಯಲ್ಲಿದ್ದೆ. ಕೈ ಎತ್ತಿದವರಲ್ಲಿ ನಾನೂ ಒಬ್ಬ. ನನ್ನ ಶೂ ಬಿಳಿ.

ಇದು ಬಡಾವಣೆ ಮಟ್ಟದ ಕಥೆ. ರಾಜ್ಯ ಮಟ್ಟದಲ್ಲಿ ಶಾಲು ಇನ್ನೂ ದಪ್ಪ.

ಕಸ್ತೂರಿರಂಗನ್ ಅವರನ್ನೇ ನೋಡಿ. 1994ರಿಂದ 2003ರವರೆಗೆ ಇಸ್ರೋ ಅಧ್ಯಕ್ಷರು. ಪದ್ಮವಿಭೂಷಣ. ಉಪಗ್ರಹ ಮೇಲೆ ಹೋದಾಗೆಲ್ಲ ನಾವು ಟಿವಿ ಮುಂದೆ ಕೂತು ಚಪ್ಪಾಳೆ ತಟ್ಟಿದವರು. ಆ ಉಪಗ್ರಹ ಏನು ನೋಡುತ್ತದೆ ಅಂತ ಯಾರೂ ಕೇಳಲಿಲ್ಲ. ಅವರ ಸಮಿತಿ ಅದೇ ಥರದ ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು 2013ರಲ್ಲಿ ಪಶ್ಚಿಮ ಘಟ್ಟದ ವರದಿ ಕೊಟ್ಟಿತು. ಘಟ್ಟದ 37% ಭಾಗ ಸೂಕ್ಷ್ಮ ಪ್ರದೇಶ, ಇಲ್ಲಿ ಗಣಿ ಬೇಡ, ಕಲ್ಲುಕ್ವಾರಿ ಬೇಡ ಅಂದಿತು. ಆಮೇಲೆ ಕೇಂದ್ರ ಸರ್ಕಾರ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್, 1,576 ಹಳ್ಳಿ. ತಗೊಳ್ಳಿ, ಚಪ್ಪಾಳೆ ನಿಂತಿತು. ಉಪಗ್ರಹ ಆಕಾಶಕ್ಕೆ ಹೋದರೆ ದೇಶದ ಹೆಮ್ಮೆ. ಅದು ತಿರುಗಿ ನಮ್ಮ ಗುಡ್ಡ ನೋಡಿದರೆ ಅಧಿಕಪ್ರಸಂಗ.

ಇದಕ್ಕೂ ಮೊದಲು ಮಾಧವ ಗಾಡ್ಗೀಳರದ್ದು ಬಂದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದವರು. 2011ರ ಆಗಸ್ಟಿನಲ್ಲಿ ವರದಿ ಕೊಟ್ಟರು. ಕೇಂದ್ರ ಸರ್ಕಾರಕ್ಕೆ ಅದರ ಮೇಲೆ ಎಷ್ಟು ಗೌರವ ಅಂದರೆ, ಯಾರ ಕಣ್ಣೂ ಬೀಳದಿರಲಿ ಅಂತ ಒಳಗೇ ಇಟ್ಟುಕೊಂಡಿತು. ಮಾಹಿತಿ ಹಕ್ಕು, ಮಾಹಿತಿ ಆಯೋಗ, ಕೊನೆಗೆ ದಿಲ್ಲಿ ಹೈಕೋರ್ಟ್, ಇಷ್ಟೆಲ್ಲ ಆದ ಮೇಲೆ 2012ರ ಮೇನಲ್ಲಿ ಹೊರಗೆ ಬಂತು. ಅದು ಜಾಸ್ತಿ ಆಯಿತು ಅಂತ ಕಸ್ತೂರಿರಂಗನ್ ಸಮಿತಿ. ಇದು ಸಾಲದು ಅಂತ ಗಾಡ್ಗೀಳರು. ಎರಡೂ ಬೇಡ ಅಂತ ನಾವು. ಕೇಂದ್ರ ಆರು ಸಲ ಕರಡು ಅಧಿಸೂಚನೆ ಹೊರಡಿಸಿದೆ. ಇಲ್ಲಿ ಯಾವ ಪಕ್ಷದ ಸರ್ಕಾರ ಇದ್ದರೂ ಉತ್ತರ ಒಂದೇ. ಈ ರಾಜ್ಯದಲ್ಲಿ ಎಲ್ಲ ಪಕ್ಷದವರೂ ಒಟ್ಟಿಗೆ ಒಪ್ಪುವ ವಿಷಯ ಎರಡೇ. ಒಂದು ಶಾಸಕರ ಸಂಬಳ, ಇನ್ನೊಂದು ಇದು.

ನನ್ನ ಭಾವ ತೀರ್ಥಹಳ್ಳಿ ಕಡೆಯವರು. ಎರಡು ಎಕರೆ ಅಡಿಕೆ, ಒಂದು ಹಂಚಿನ ಮನೆ, ನಾಲ್ಕು ಹಸು. ಕಸ್ತೂರಿರಂಗನ್ ಅಂದರೆ ಸಾಕು, ಎಲೆ ಅಡಿಕೆ ಉಗಿದು ಶುರು ಮಾಡುತ್ತಾರೆ.

‘ನಮ್ಮ ಕೊಟ್ಟಿಗೆ ಮಾಡು ರಿಪೇರಿ ಮಾಡ್ಸಕ್ಕೂ ದಿಲ್ಲಿಗೆ ಅರ್ಜಿ ಹಾಕ್ಬೇಕಂತೆ ಮಾರಾಯ.’

‘ಯಾರು ಹೇಳಿದ್ದು ಭಾವ?’

‘ಮೈಕಲ್ಲಿ ಹೇಳಿದ್ರು.’

ಕರಡಿನಲ್ಲಿ ಇರುವುದು 20 ಸಾವಿರ ಚದರ ಮೀಟರಿಗಿಂತ ದೊಡ್ಡ ಹೊಸ ಕಟ್ಟಡ ಬೇಡ ಅಂತ. ಅಂದರೆ ಎರಡು ಲಕ್ಷ ಚದರಡಿಗೂ ಜಾಸ್ತಿ. ಭಾವನ ಕೊಟ್ಟಿಗೆ ಅಷ್ಟು ದೊಡ್ಡದಾಗಬೇಕಾದರೆ ಇಡೀ ತಾಲೂಕಿನ ಹಸುಗಳು ಅಲ್ಲೇ ಇರಬೇಕು. ಹಾಗಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮತ್ತೆ ಮೈಕಿನೋರಿಗೆ ಯಾಕೆ ಅಷ್ಟು ಉರಿ?’ ಅಂದರು. ಕ್ವಾರಿ ಯಾರದ್ದು, ರೆಸಾರ್ಟ್ ಯಾರದ್ದು ಅಂತ ನನಗಿಂತ ಚೆನ್ನಾಗಿ ಅವರಿಗೇ ಗೊತ್ತು.

ಆದರೆ ಭಾವನನ್ನು ಬೈಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಮುಳುಗಡೆಯಲ್ಲಿ ಮನೆ ಕಳೆದುಕೊಂಡವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಸರ್ಕಾರಿ ಕಾಗದ ಮನೆಗೆ ಬಂತು ಅಂದರೆ ಏನೋ ಹೋಗುತ್ತೆ ಅನ್ನುವುದು ಮಲೆನಾಡಿನವರು ಎರಡು ತಲೆಮಾರಿನಿಂದ ಕಲಿತ ಪಾಠ. ವಿಜ್ಞಾನಿಯ ಮಾತೂ ಅದೇ ಸೀಲು ಹಾಕಿಸಿಕೊಂಡೇ ಅಲ್ಲಿಗೆ ಬರುವುದು. ಅದೂ ಇಂಗ್ಲಿಷಿನಲ್ಲಿ, ನೂರಾರು ಪುಟ. ಗ್ರಾಮಸಭೆಗಳನ್ನು ಕೇಳಿ ತೀರ್ಮಾನ ಮಾಡಿ ಅಂತ ಗಾಡ್ಗೀಳರು ಬರೆದಿದ್ದರು. ಆ ಮಾತು ಮೈಕಿನಲ್ಲಿ ಬರಲೇ ಇಲ್ಲ.

ನಮ್ಮ ಎದುರು ಮನೆಯ ರಿಟೈರ್ಡ್ ಸಾಹೇಬರ ತಕರಾರು ಬೇರೆ ಥರ. ‘ಅಲ್ರೀ, ನಾಳೆ ಮಳೆ ಬರುತ್ತೋ ಇಲ್ವೋ ಸರಿಯಾಗಿ ಹೇಳಕ್ಕಾಗಲ್ಲ ಇವರಿಗೆ. 2050ರಲ್ಲಿ ಏನಾಗುತ್ತೆ ಅಂತ ಹೇಳ್ತಾರಂತೆ!’ ಕಾಫಿ ಕುಡಿಯುವಾಗೆಲ್ಲ ಇದೊಂದು ಡೈಲಾಗು. ಒಂದು ದಿನ ನಾನೂ ಕೇಳಿದೆ. ‘ಸಾರ್, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಬಸ್ಸು ಸಿಲ್ಕ್ ಬೋರ್ಡಲ್ಲಿ ಎಷ್ಟು ನಿಮಿಷ ನಿಲ್ಲುತ್ತೆ ಹೇಳಿ?’ ‘ಅದು ಹೇಗ್ರೀ ಹೇಳೋದು?’ ‘ಮುಂದಿನ ವರ್ಷ ಸಿಲ್ಕ್ ಬೋರ್ಡಲ್ಲಿ ಟ್ರಾಫಿಕ್ ಇರುತ್ತೋ ಇಲ್ವೋ?’ ‘ಇದ್ದೇ ಇರುತ್ತೆ!’ ಅಂದವರು ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಒಂದು ವಾರ ನಮ್ಮನೆಗೆ ಬರಲಿಲ್ಲ.

ಇದೇ ಸಾಹೇಬರು ಯುಗಾದಿಯ ದಿನ ಪಂಚಾಂಗ ಶ್ರವಣಕ್ಕೆ ಮುಂದಿನ ಸಾಲಲ್ಲಿ ಕೂರುತ್ತಾರೆ. ಈ ವರ್ಷ ಎಷ್ಟು ಕೊಳಗ ಮಳೆ ಅಂತ ಕೇಳಿಸಿಕೊಂಡು ತಲೆ ಆಡಿಸುತ್ತಾರೆ. ಹೋದ ವರ್ಷ ಹೇಳಿದ ಕೊಳಗ ಏನಾಯಿತು ಅಂತ ಒಂದು ದಿನಕ್ಕೂ ಕೇಳಿದವರಲ್ಲ. ನನ್ನ ಅಜ್ಜಿಯೂ ಮಳೆ ನಕ್ಷತ್ರದ ಲೆಕ್ಕ ಇಡುತ್ತಿದ್ದರು. ಆದರೆ ಅಜ್ಜಿ ಬುದ್ಧಿವಂತೆ. ಆರಿದ್ರಾ ಮಳೆ ಕೈ ಕೊಟ್ಟರೆ ಆಕಾಶ ನೋಡಿ, ‘ಕಾಲ ಕೆಟ್ಟೋಯ್ತು’ ಅಂತ ಬಿತ್ತನೆ ಮುಂದಕ್ಕೆ ಹಾಕಿಸುತ್ತಿದ್ದರು. ಲೆಕ್ಕ ತಪ್ಪಿದಾಗ ಲೆಕ್ಕ ಬದಲಿಸಬೇಕು ಅಂತ ಅವರಿಗೆ ಯಾವ ಶಾಲೆಯೂ ಹೇಳಿಕೊಟ್ಟಿರಲಿಲ್ಲ.

ಸರ್ಕಾರಕ್ಕೂ ತುರ್ತಾಗಿ ಕೆಲಸ ಮಾಡಲು ಬರುತ್ತದೆ, ಬರುವುದಿಲ್ಲ ಅನ್ನಬೇಡಿ. 2019ರ ಜೂನ್‌ನಲ್ಲಿ ಮಳೆ ತಡವಾಯಿತು. ಮುಜರಾಯಿ ಇಲಾಖೆ ಸುತ್ತೋಲೆ ಹೊರಡಿಸಿ ದೇವಸ್ಥಾನಗಳಲ್ಲಿ ಪರ್ಜನ್ಯ ಹೋಮ ಮಾಡಿಸಿತು. ಸಂಪುಟ ಉಪಸಮಿತಿ ಇಲ್ಲ, ಆಕ್ಷೇಪಣೆಗೆ ಅರವತ್ತು ದಿನ ಇಲ್ಲ, ಕರಡು ಇಲ್ಲ. ಹೋಮದ ಬಗ್ಗೆ ನನ್ನ ತಕರಾರಿಲ್ಲ, ತುಪ್ಪದ ಘಮ ನನಗೂ ಇಷ್ಟ. ವರದಿಗೆ ಹದಿಮೂರು ವರ್ಷ ಬೇಕು, ಹೋಮಕ್ಕೆ ಒಂದು ವಾರ ಸಾಕು, ಆ ಲೆಕ್ಕ ಮಾತ್ರ ಕೇಳುತ್ತಿದ್ದೇನೆ. ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆ ಉಕ್ಕಿ ಊರಿಗೆ ಊರೇ ನೀರಿನಲ್ಲಿ ನಿಂತವು. ಸಾಕು ಮಾಡಿ ಅಂತ ಇನ್ನೊಂದು ಸುತ್ತೋಲೆ ಬಂದ ನೆನಪು ನನಗಿಲ್ಲ.

ಈ ತಮಾಷೆಯನ್ನು ಎಷ್ಟು ದೂರ ಎಳೆಯಬಹುದೋ ಗೊತ್ತಾಗುತ್ತಿಲ್ಲ. 2018ರ ಆಗಸ್ಟ್, ಕೊಡಗಿನಲ್ಲಿ ಗುಡ್ಡಗಳು ಜಾರಿದವು. ಮಕ್ಕಂದೂರಿನ ಕಡೆ ತೋಟ, ಮನೆ, ರಸ್ತೆ ಎಲ್ಲ ಕೆಂಪು ಮಣ್ಣು. 2024ರ ಜುಲೈ 16, ಅಂಕೋಲಾ ಬಳಿಯ ಶಿರೂರು. ಹೆದ್ದಾರಿಗಾಗಿ ಕಡಿದು ನಿಲ್ಲಿಸಿದ ಗುಡ್ಡ ಕೆಳಗೆ ಬಂತು. ರಸ್ತೆ ಬದಿಯ ಚಹಾದಂಗಡಿಯ ಸಂಸಾರ ಮಣ್ಣಿನ ಜೊತೆ ಹೋಯಿತು. ಎರಡು ವಾರಕ್ಕೆ ವಯನಾಡು. ಆ ದಿನದ ಮಳೆಯನ್ನು ಬಿಸಿಯಾದ ಭೂಮಿ ಸುಮಾರು 10% ಜಾಸ್ತಿ ಮಾಡಿತ್ತು ಅಂತ ವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದರು. ವಯನಾಡಿನ ದುರಂತದ ಮರುದಿನವೇ ಕೇಂದ್ರದ ಆರನೇ ಕರಡು ಬಂದಿತ್ತು. ಶಿರೂರಿನ ಗುಡ್ಡದಡಿ ಸಿಕ್ಕಿದ ಲಾರಿ ಗಂಗಾವಳಿ ನದಿಯಿಂದ ಮೇಲೆ ಬಂದಿದ್ದು ಸೆಪ್ಟೆಂಬರ್ ಕೊನೆಗೆ, ಒಳಗೆ ಚಾಲಕನ ದೇಹ. ಅದೇ ವಾರ ನಮ್ಮ ಸಚಿವ ಸಂಪುಟ ಸೇರಿ ಕಸ್ತೂರಿರಂಗನ್ ವರದಿಯನ್ನು ಮತ್ತೆ ತಿರಸ್ಕರಿಸಿತು. ಅದೇ ವಾರ. ಇದಕ್ಕೆ ಏನು ಜೋಕ್ ಮಾಡಲಿ? ವರದಿ ಸರಿ ಇಲ್ಲ ಅಂದರೆ ಸರಿ ಮಾಡಿ. ಜನರಿಗೆ ಭಯ ಇದ್ದರೆ ಅವರ ಅಂಗಳದಲ್ಲಿ ಕೂತು ಕನ್ನಡದಲ್ಲಿ ಓದಿ ಹೇಳಿ. ಎರಡೂ ಮಾಡದೆ ಬೇಡ ಬೇಡ ಅನ್ನುತ್ತಾ, ಗುಡ್ಡ ಬಿದ್ದ ಮೇಲೆ ಪರಿಹಾರದ ಚೆಕ್ ಹಿಡಿದು ನಿಲ್ಲುತ್ತೀರಿ. ಸಾಕಾಗಿದೆ.

2025ರ ಏಪ್ರಿಲಿನಲ್ಲಿ ಕಸ್ತೂರಿರಂಗನ್ ತೀರಿಕೊಂಡಾಗ ಎಲ್ಲರೂ ಸಂತಾಪ ಹೇಳಿದರು. ದೇಶ ಕಂಡ ಶ್ರೇಷ್ಠ ವಿಜ್ಞಾನಿ ಅಂದರು. ನಂಬಿಕೆಯಲ್ಲಿ ನಾವು ಎರಡನೇ ಸ್ಥಾನದಲ್ಲಿದ್ದೇವೆ, ಸುಮ್ನೆ ಅಲ್ಲ.

ಬೆಂಗಳೂರಿನದ್ದೂ ಒಂದು ಮಾತು ಹೇಳಿಬಿಡುತ್ತೇನೆ. 2023ರ ನವೆಂಬರಿನಲ್ಲಿ ಪಾಲಿಕೆ ಹವಾಮಾನ ಕ್ರಿಯಾ ಯೋಜನೆ ಅಂತ ದಪ್ಪ ಪುಸ್ತಕ ಬಿಡುಗಡೆ ಮಾಡಿತು. ಮಾಡಬೇಕಾದ 200ಕ್ಕೂ ಹೆಚ್ಚು ಕೆಲಸಗಳ ಪಟ್ಟಿ ಇದೆ. 2050ಕ್ಕೆ ಊರಿನ ಹೊಗೆ ಲೆಕ್ಕ ಸೊನ್ನೆ. ಆಮೇಲೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಕಾರು ಓಡಿಸಲು ಸುರಂಗ ಕೊರೆಯುವ ಯೋಜನೆ ಬಂತು. ಸೊನ್ನೆ ಅಂತ ಅವರು ಹೇಳಿದ್ದು ಸುರಂಗದ ಬಾಯಿಯ ಆಕಾರ ಇರಬೇಕು.

ಹೋದ ತಿಂಗಳು ಭಾವನ ಮನೆಗೆ ಹೋಗಿದ್ದೆ. ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ಕ್ಯಾಲೆಂಡರು. ಪ್ರತಿ ದಿನದ ಚೌಕದಲ್ಲಿ ಪೆನ್ಸಿಲಿನಲ್ಲಿ ಮಳೆ ಎಷ್ಟು ಇಂಚು ಅಂತ ಬರೆದಿದ್ದಾರೆ. ಅಂಗಳದಲ್ಲಿ ಮಳೆಮಾಪಕ ಇಟ್ಟಿದ್ದಾರೆ, ಬೆಳಿಗ್ಗೆ ಎದ್ದು ಅದನ್ನು ನೋಡಿಯೇ ಕಾಫಿ. ‘ಮುಂಚೆ ಜಿಟಿಜಿಟಿ ಅಂತ ವಾರಗಟ್ಟಲೆ ಹಿಡಿಯೋದು ಮಾರಾಯ. ಈಗ ಮೂರು ದಿನದ್ದು ಮೂರು ಗಂಟೇಲಿ ಸುರಿದು, ಆಮೇಲೆ ಬಿಸಿಲು. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡಿಯೋಕೆ ಬಿಡುವೇ ಸಿಗಲ್ಲ, ಎಲೆಚುಕ್ಕಿ ರೋಗ ಬೇರೆ.’

‘ಇದನ್ನೇ ಭಾವ, ವಿಜ್ಞಾನಿಗಳು ಹೇಳ್ತಿರೋದು.’

‘ಅವರದ್ದು ಬಿಡು. ಇದು ನಾನು ಅಳೆದಿದ್ದು.’

ಇಪ್ಪತ್ತೆರಡು ವರ್ಷದ ಕ್ಯಾಲೆಂಡರ್ ಇದೆಯಂತೆ. ಎಲ್ಲಿ ಅಂತ ಕೇಳಿದೆ. ಅಕ್ಕ ಒಳಗಿನಿಂದಲೇ ಕೂಗಿದಳು, ಮನೆ ತುಂಬಾ ಕಸ, ಹೋದ ವಾರ ರದ್ದಿಯವನಿಗೆ ಹಾಕಬೇಕು ಅಂತ ಕಟ್ಟಿಟ್ಟಿದ್ದೆ ಅಂತ. ಭಾವ ದಡಬಡಿಸಿ ಎದ್ದರು. ‘ಅದು ರೆಕಾರ್ಡು ಮಾರಾಯ್ತಿ! ಯಾರನ್ನ ಕೇಳಿ ಕಟ್ಟಿಟ್ಟೆ?’

ಅಟ್ಟ ಹತ್ತಿ ನೋಡಿದೆವು. ಅಡಿಕೆ ಚೀಲಗಳ ಹಿಂದೆ ಕಟ್ಟು ಇತ್ತು. 2009 ಮತ್ತು 2013ನ್ನು ಇಲಿ ತಿಂದಿತ್ತು.